ಒಂದು ಮೊಳ ಅಗಲದ ಜಾಗ

ನಮ್ಮ ಲಕ್ಷ್ಮೀಪುರಂ ಮನೆಯ ಪಡಸಾಲೆಯಲ್ಲಿ ಅಣ್ಣ ಹಡಗು ಬರೆದದ್ದು ಅಮ್ಮನ ರಂಗೋಲಿ ಪುಡಿಯಿಂದ. ಅದು ಐವತ್ತರ ದಶಕದ ಒಂದು ಬೇಸಿಗೆ, ನಾನಿನ್ನೂ ಕಾನ್ವೆಂಟಿನಲ್ಲಿ ಓದುತ್ತಿದ್ದೆ. ಅಣ್ಣ ಬೊಂಬಾಯಿಯಲ್ಲಿ ನಾವಿಕ ತರಬೇತಿಗೆ ಸೇರಿದ್ದ. ಹೊಸಬರಿಗೆ ಕೆಲಸ ಕಲಿಸುವುದಕ್ಕೆಂದೇ ಇದ್ದ ಹೊರದೇಶದ ಹಾಯಿಹಡಗೊಂದು ಅವನನ್ನು ಕೊಲಂಬೊವರೆಗೆ ಕರೆದೊಯ್ದು ವಾಪಸು ತಂದು ಬಿಟ್ಟಿತ್ತು. ಈಗ ಅದೇ ಹಡಗು ಒಂದು ವರ್ಷದ ಯಾನಕ್ಕೆ ಕರೆದಿತ್ತು. ಅವನಿಗೆ ಇಪ್ಪತ್ತೊಂದು ತುಂಬಿರಲಿಲ್ಲವಾದ್ದರಿಂದ ಒಪ್ಪಿಗೆ ಕಾಗದಕ್ಕೆ ಅಪ್ಪನ ಸಹಿ ಬೇಕು.

"ನಿಮ್ಮಮ್ಮ ಹ್ಞೂಂ ಅನ್ನಲಿ, ಆಮೇಲೆ ನನ್ನದೇನು," ಎಂದು ಅಪ್ಪ ಪೇಪರಿನ ಹಿಂದೆ ಸೇರಿಕೊಂಡರು.

ಅಮ್ಮ ಹ್ಞೂಂ ಅನ್ನಲಿಲ್ಲ. ಅವಳ ಭಯ ಸಮುದ್ರದ್ದಲ್ಲ. ಅಣ್ಣನಿಗೆ ಚಿಕ್ಕಂದಿನಲ್ಲಿ ಉಬ್ಬಸವಿತ್ತು. ಹತ್ತು ವರ್ಷ ತುಂಬುವವರೆಗೂ ಅವನ ಎದೆಯ ಮೇಲೆ ಕೈಯಿಟ್ಟೇ ಮಲಗುತ್ತಿದ್ದವಳು ಅಮ್ಮ. ಉಬ್ಬಸ ಅವನನ್ನು ಬಿಟ್ಟುಹೋಗಿತ್ತು, ಅಮ್ಮನನ್ನು ಬಿಟ್ಟಿರಲಿಲ್ಲ.

"ಉಸಿರು ಕಟ್ಟಿದ್ರೆ ಅಲ್ಲಿ ಯಾರಿಗೆ ಗೊತ್ತಾಗುತ್ತೆ ಕಣೋ? ಎಲ್ಲೋ ಒಂದು ಮೂಲೇಲಿ ಬಿದ್ದಿರ್ತೀಯ."

"ಮೂಲೆ ಎಲ್ಲಿದೆಯಮ್ಮ ಅಲ್ಲಿ? ಬಾ, ತೋರಿಸ್ತೀನಿ," ಎಂದು ಅಣ್ಣ ರಂಗೋಲಿ ಡಬ್ಬಿ ತಂದ.

ಕೆಂಪು ಗಾರೆಯ ನೆಲದ ಮೇಲೆ ಬಿಳಿ ಗೆರೆಗಳು ಎದ್ದವು. ಕಂಬದಿಂದ ಕಿಟಕಿವರೆಗೆ, ಅಷ್ಟರೊಳಗೇ ಮೂವತ್ತು ಜನ. ಊಟದ ಮೇಜು ಸೂರಿನಿಂದ ಹಗ್ಗದಲ್ಲಿ ಇಳಿಬಿದ್ದಿರುತ್ತದಂತೆ, ಹಡಗು ವಾಲಿದರೂ ಸಾರು ಚೆಲ್ಲದ ಹಾಗೆ. ಸಂಜೆ ಅದನ್ನು ಮೇಲಕ್ಕೆತ್ತಿ ಕಟ್ಟಿದರೆ ಅದೇ ಜಾಗ ಮಲಗುವ ಕೋಣೆ. ಪ್ರತಿಯೊಬ್ಬನ ಬಟ್ಟೆಬರೆಗೂ ಒಂದೊಂದು ಪೆಟ್ಟಿಗೆ, ನನ್ನ ಹೊಲಿಗೆ ಪೆಟ್ಟಿಗೆಗಿಂತ ಸ್ವಲ್ಪ ದೊಡ್ಡದು ಅಷ್ಟೆ. ಒಂದು ಚೊಂಬು ನೀರಿನಲ್ಲಿ ಮುಖ ತೊಳೆದು, ಅದೇ ನೀರಿನಲ್ಲಿ ಕಾಲುಚೀಲ ಒಗೆಯಬೇಕು.

"ಇಲ್ಲಿ ಒಂದು ಹಂಡೆ ಸಾಲ್ತಿರಲಿಲ್ಲ ದೊರೆಗೆ," ಎಂದಿತು ಪೇಪರು.

ನಾನು ಲಂಗ ಎತ್ತಿ ಹಿಡಿದು, ಅವನು ಬರೆದ ಬಾಗಿಲಿನಿಂದಲೇ ಒಳಗೆ ಹೋದೆ. "ಈ ಗೆರೆಯಿಂದಾಚೆ ಏನಿದೆ?"

"ನೀರು."

ನನ್ನ ಹೆಬ್ಬೆರಳು ಗೆರೆ ದಾಟಿತ್ತು. ಮೆಲ್ಲಗೆ ಒಳಕ್ಕೆಳೆದುಕೊಂಡೆ.

ಆಮೇಲೆ ಅವನು ಚೀಲದಿಂದ ತನ್ನ ಹಾಸಿಗೆ ತೆಗೆದ. ಅವರು ಅದನ್ನು ಹ್ಯಾಮಕ್ ಅನ್ನುತ್ತಾರೆ; ದಪ್ಪ ಬಟ್ಟೆ, ಎರಡು ತುದಿಗೂ ಹಗ್ಗ, ಟಾರಿನ ವಾಸನೆ. ಅಂಚಿನ ಹೊಲಿಗೆ ನೋಡಿ ನಾನು ಬೆರಗಾದೆ. ಎಳ್ಳಿನ ಕಾಳಿನಂಥ ಹೊಲಿಗೆ, ಒಂದರ ಹಾಗೇ ಇನ್ನೊಂದು. ನಮಗೆ ಕಸೂತಿ ಹೇಳಿಕೊಡುತ್ತಿದ್ದ ಸಿಸ್ಟರ್ ನನ್ನ ಹೊಲಿಗೆಯನ್ನು ಬಿಚ್ಚಿಸದ ದಿನವಿರಲಿಲ್ಲ. ಇದರಲ್ಲಿ ಬಿಚ್ಚಿಸುವುದಕ್ಕೆ ಏನೂ ಸಿಗುತ್ತಿರಲಿಲ್ಲ.

"ಯಾರು ಹೊಲಿದಿದ್ದು?"

"ನಾನೇ. ಹಾಯಿ ಹರಿದರೂ ನಾವೇ ಹೊಲಿಯೋದು." ಅಮ್ಮನಿಗೆ ಕೇಳಿಸದಂತೆ ಬಗ್ಗಿ ಹೇಳಿದ: "ಬೆಟ್ಟದ ಮೇಲೆ ನಿಂತು ನಮ್ಮನೆ ಎಲ್ಲಿ ಅಂತ ಹುಡುಕ್ತೀವಲ್ಲ? ಹಾಯಿ ಕಟ್ಟೋ ಕಂಬದ ತುದೀಲಿ ನಿಂತರೆ ನಮ್ಮ ಹಡಗನ್ನೇ ಹಾಗೆ ಹುಡುಕಬೇಕು ಕಣೇ."

ಸ್ನಾನ ಮಾಡಿದ ಟವೆಲನ್ನು ಎಲ್ಲೆಂದರಲ್ಲಿ ಬಿಸಾಡುತ್ತಿದ್ದವನು ಇವನೇನಾ ಎಂದು ಅವನ ಕೈಗಳನ್ನೇ ನೋಡಿದೆ. ಅಂಗೈ ಜಡ್ಡುಗಟ್ಟಿ ಹೊಳೆಯುತ್ತಿತ್ತು.

ಉಯ್ಯಾಲೆಯ ಮಣೆ ಬಿಚ್ಚಿ, ಅದರ ಕೊಕ್ಕೆಗಳಿಗೆ ಹ್ಯಾಮಕ್ ಕಟ್ಟಿದ. ಅಮ್ಮ ಅದರ ಸುತ್ತ ಒಂದು ಸುತ್ತು ಬಂದಳು.

"ಪಕ್ಕದೋನು ಎಷ್ಟು ದೂರ?"

"ಒಬ್ಬೊಬ್ಬರಿಗೂ ಒಂದು ಮೊಳ ಅಗಲ, ಅಷ್ಟೇ."

"ಸುಮ್ನೆ ಹೇಳ್ಬೇಡ." ಹೂವಾಡಗಿತ್ತಿ ಮಲ್ಲಿಗೆ ಅಳೆಯುವ ಹಾಗೆ ಮೊಣಕೈಯಿಂದ ಬೆರಳ ತುದಿಗೆ ಅಳತೆ ಹಿಡಿದು, ಅಮ್ಮ ಕೈಯನ್ನು ಹ್ಯಾಮಕ್ಕಿಗೆ ಅಡ್ಡ ಇಟ್ಟಳು. ಹಗ್ಗದ ಗಂಟನ್ನು ಎಳೆದು ನೋಡಿದಳು. "ಹತ್ತಿಸು ನನ್ನ," ಎಂದಳು ಕೊನೆಗೆ.

ಅಪ್ಪ ಪೇಪರು ಕೆಳಗಿಟ್ಟರು. ಅಮ್ಮ ಸೆರಗು ಸಿಕ್ಕಿಸಿ, ಸ್ಟೂಲಿನ ಮೇಲೆ ಕಾಲಿಟ್ಟು, ಎರಡು ಸಲ ಜಾರಿ, ಮೂರನೆಯ ಸಲ ಒಳಗೆ ಮಲಗಿಯೇಬಿಟ್ಟಳು. ಅವಳ ಅಪ್ಪಣೆಯಂತೆ ಅಣ್ಣ ಒಂದು ಕಡೆ, ನಾನು ಇನ್ನೊಂದು ಕಡೆ, ಒಂದೊಂದು ಮೊಳಕ್ಕೆ ನಿಂತೆವು. ನಮ್ಮಿಬ್ಬರ ತೋಳೂ ಅವಳಿಗೆ ತಾಗುತ್ತಿತ್ತು. ಅಮ್ಮ ಕಣ್ಣು ಮುಚ್ಚಿ ನಮ್ಮ ಉಸಿರನ್ನು ಕೇಳಿಸಿಕೊಂಡಳು. ಅಷ್ಟು ದೊಡ್ಡ ಸಮುದ್ರವನ್ನು ಅವಳು ಹೀಗೆ ಮಲಗಿ ಅಳೆಯುತ್ತಿದ್ದಾಳೆ ಅನ್ನಿಸಿತು ನನಗೆ.

"ಗೊರಕೆ ಹೊಡೀತಾರಾ?"

"ಎಡಗಡೆಯೋನು ಹೊಡೀತಾನೆ. ಬಲಗಡೆಯೋನು, ನಾನು ಒಂದು ಸಲ ಕೆಮ್ಮಿದ್ರೂ ಒದ್ದು ಕೇಳ್ತಾನೆ."

"ಏನಂತ?"

"ಬದುಕಿದ್ದೀಯಾ ಅಂತ."

ಅಮ್ಮ ನಕ್ಕಳು. ಹ್ಯಾಮಕ್ ಕುಲುಕಾಡಿತು. ಇಳಿದು ಸೀರೆ ಸರಿಮಾಡಿಕೊಳ್ಳುತ್ತ ಅಪ್ಪನ ಕಡೆ ತಿರುಗಿ, "ಸೈನ್ ಹಾಕಿ ಕೊಟ್ಬುಡಿ," ಎಂದಳು.

ಅಣ್ಣ ಹೊರಡುವ ದಿನ ಅವಳು ಕೋಡುಬಳೆಯ ಮೂರು ಪೊಟ್ಟಣ ಕಟ್ಟಿದಳು. ಒಂದು ಮಾತ್ರ ದೊಡ್ಡದು.

"ಇದು ನನಗಾ?"

"ನಿನಗ್ಯಾಕೆ? ಬಲಗಡೆಯೋನಿಗೆ."

"ಗೊರಕೆಯೋನಿಗೆ?"

"ಅವನಿಗೂ ಒಂದಿದೆ, ಪಾಪ," ಎಂದಳು ಅಮ್ಮ, ಗಂಟು ಬಿಗಿಯುತ್ತ. "ಸ್ವಲ್ಪ ಎಚ್ಚರವಾಗಿರೋಕೆ ಹೇಳು."