ಮಡಿಕೆ ಲೆಕ್ಕದ ಮಾತ್ರೆ

“ಬನ್ನಿ ಬನ್ನಿ, ಇಬ್ರೂ ಕೂತ್ಕೊಳ್ಳಿ,” ಎಂದಳು ನಮ್ಮ ಅತ್ತೆ, ಹೊಲಿಗೆ ಯಂತ್ರದಿಂದ ಕತ್ತೆತ್ತಿ.

ಬಾಗಿಲಲ್ಲಿ ನಿಂತಿದ್ದವರು ಒಬ್ಬರೇ. ಊರಿನ ಬ್ಯಾಂಡಿನಲ್ಲಿ ದೊಡ್ಡ ಡ್ರಮ್ಮು ಬಾರಿಸುವವರು. ಆಕಾರದಲ್ಲಿ ತಮ್ಮ ವಾದ್ಯದ ಒಡಹುಟ್ಟಿದವರಂತಿದ್ದರು. ಹಿಂದೆ ತಿರುಗಿ ನೋಡಿದರು. ಯಾರೂ ಇಲ್ಲ. ನಿಧಾನವಾಗಿ ತಮ್ಮ ಹೊಟ್ಟೆಯ ಕಡೆ ನೋಡಿಕೊಂಡರು.

“ಯಾಕಮ್ಮಾ, ಇದಕ್ಕೆ ಬೇರೆ ಕುರ್ಚಿ ಹಾಕ್ತೀರಾ?”

ಅತ್ತೆ ಕಣ್ಣುಜ್ಜಿಕೊಂಡಳು. “ಇಬ್ರೂ ಅಂದ್ರೆ ನೀವು, ನಿಮ್ಮ ಮರ್ಯಾದೆ. ಎರಡೂ ಒಟ್ಟಿಗೇ ಬಂದಿವೆಯಲ್ಲ, ಕೂತ್ಕೊಳ್ಳಿ.”

ಪ್ಯಾಂಟಿನ ಸೊಂಟ ಒಂದಿಂಚು ಬಿಡಿಸಿಕೊಳ್ಳಲು ಬಂದು ಮೂಲೆಯ ಸ್ಟೂಲಿನ ಮೇಲೆ ಕೂತಿದ್ದ ನಾನು ಮನಸಾರೆ ನಕ್ಕೆ. ಆದರೆ ಮರುಕ್ಷಣವೇ ಅತ್ತೆ ಟೇಪು ಹಿಡಿದು ಎದ್ದು, ಡ್ರಮ್ಮಿನವರ ಎಡಗಡೆ ನಿಂತಿದ್ದ ಗಾಳಿಯ ಎದೆಗೆ ಅದನ್ನು ಸುತ್ತಲು ಹೋದಳು. ನನ್ನ ನಗು ಅಲ್ಲೇ ನಿಂತಿತು.

ಅತ್ತೆ ಎಂದರೆ ನಮ್ಮಪ್ಪನ ತಂಗಿ. ಬಡಾವಣೆಗೆಲ್ಲ ಅವಳು ‘ಕತ್ತರಿ ಅಮ್ಮ’. ಮೂವತ್ತನಾಲ್ಕು ವರ್ಷದಿಂದ ಕತ್ತರಿ ಹಿಡಿದಿದ್ದಾಳೆ ಎಂಬುದು ಒಂದು ಕಾರಣ; ಇನ್ನೊಂದು ಕಾರಣ ತಿಳಿಯಬೇಕಾದರೆ ಅವಳ ಜೊತೆ ಐದು ನಿಮಿಷ ಮಾತಾಡಿದರೆ ಸಾಕು. ಹತ್ತೊಂಬತ್ತನೆಯ ವಯಸ್ಸಿಗೆ, ಹೊಲಿಗೆ ಕಲಿಯುವ ತರಗತಿಯಲ್ಲೇ, ಅವಳಿಗೆ ಮೊದಲ ಸಲ ಮೂರ್ಛೆ ಬಂತು. “ಫಿಟ್ಟಿಂಗ್ ಕಲಿಯೋಕೆ ಹೋದೆ, ಫಿಟ್ಸ್ ಕಲಿತು ಬಂದೆ,” ಎಂದು ಅವಳೇ ಹೇಳಿಕೊಳ್ಳುತ್ತಾಳೆ. ಕಾಯಿಲೆಯನ್ನು ಅವಳು ಯಾವತ್ತೂ ಮುಚ್ಚಿಟ್ಟಿಲ್ಲ. ಹೊಸ ಗಿರಾಕಿ ಬಂದರೆ ಅಳತೆ ತೆಗೆಯುವ ಮುಂಚೆಯೇ ಪಾಠ: “ನಾನು ಬಿದ್ರೆ ಹೆದರ್ಬೇಡಿ. ಕತ್ತರಿ ದೂರ ಸರಿಸಿ, ಮಗ್ಗುಲಿಗೆ ಹೊರಳಿಸಿ, ಗಡಿಯಾರ ನೋಡ್ತಾ ಇರಿ. ಬಾಯಿಗೆ ಚಮಚ ತುರುಕ್ಬೇಡಿ, ಅದು ಊಟಕ್ಕಿರೋದು. ಐದು ನಿಮಿಷ ದಾಟಿದ್ರೆ ಆಂಬುಲೆನ್ಸ್ ಕರೀರಿ. ಹ್ಞಾಂ, ಈಗ ಕೈ ಎತ್ತಿ, ತೋಳಿನಳತೆ.”

ಕೊನೆಯ ಸಲ ಬಂದದ್ದು ನಾಲ್ಕು ವರ್ಷದ ಹಿಂದೆ, ಯಂತ್ರ ತುಳಿಯುತ್ತಿದ್ದಾಗ. ಸೂಜಿ ಹೆಬ್ಬೆರಳ ಉಗುರನ್ನೇ ಹೊಲಿದಿತ್ತು. ಅಂದಿನಿಂದ ಮಾತ್ರೆಯ ವಿಷಯದಲ್ಲಿ ಅವಳು ಬಹಳ ಶಿಸ್ತು. ಗುಳಿಗೆ ತಪ್ಪಿದರೆ ಗಳಿಗೆ ಕೆಟ್ಟಿತು ಎಂದೇ ಲೆಕ್ಕ. ಬೆಳಗ್ಗೆ ಒಂದು, ರಾತ್ರಿ ಎರಡು, ನಾಲ್ಕು ವರ್ಷ, ಒಂದು ದಿನವೂ ಬಿಟ್ಟದ್ದಿಲ್ಲ.

ಡ್ರಮ್ಮಿನವರು ಹೋದ ಮೇಲೆ ಕೇಳಿದೆ: “ಏನತ್ತೆ ಇದು? ಎಷ್ಟು ದಿನದಿಂದ?”

“ಏನು ಎಷ್ಟು ದಿನದಿಂದ?”

“ಗಾಳಿಗೆ ಕೋಟು ಹೊಲಿಯೋದು.”

ಸ್ವಲ್ಪ ಹೊತ್ತು ದಾರ ಪೋಣಿಸುವ ನಾಟಕ ಮಾಡಿದಳು. ದಾರ ಸೂಜಿಯ ಪಕ್ಕದಲ್ಲೇ ನಾಲ್ಕು ಸಲ ಹೋಯಿತು. ಆಮೇಲೆ ಬಾಯಿಬಿಟ್ಟಳು. ಎರಡು ವಾರವಾಯಿತಂತೆ. ಎಲ್ಲವೂ ಎರಡೆರಡು. ಮಧ್ಯಾಹ್ನವಾದರೆ ತೂಕಡಿಕೆ. ನಡೆದರೆ ನೆಲ ಓಲಾಡುತ್ತದೆ, ಮೊನ್ನೆ ಮಾವ, “ಏನೇ, ನನ್ನ ಬಿಟ್ಟು ಒಬ್ಬಳೇ ಕುಡೀತೀಯಾ?” ಎಂದು ನೊಂದುಕೊಂಡರಂತೆ.

“ಕಣ್ಣು ತೋರಿಸ್ಲಿಲ್ವಾ?”

“ಕನ್ನಡಕದ ಅಂಗಡಿಗೆ ಹೋಗಿದ್ದೆ ಕಣೋ. ಗೋಡೆ ಮೇಲಿನ ಅಕ್ಷರ ಓದಿ ಅಂದ. ಎಲ್ಲಾ ಅಕ್ಷರಕ್ಕೂ ಒತ್ತು ಬಂದಿದೆಯಲ್ಲಪ್ಪ, ಹೇಗೆ ಓದ್ಲಿ ಅಂದೆ. ಕಣ್ಣು ಸರಿ ಇದೆ, ಡಾಕ್ಟರ್ ಹತ್ರ ಹೋಗಿ ಅಂದ.”

“ಹೋದ್ಯಾ?”

“ಯಾಕೆ ಹೋಗ್ಲಿ? ಕಾರಣ ನಂಗೇ ಗೊತ್ತು. ಮಾತ್ರೆ ಬದಲಾಯಿಸಿದ್ರಲ್ಲ, ಆವತ್ತಿಂದ ಶುರು. ನಾಳೆಯಿಂದ ನಿಲ್ಲಿಸಿಬಿಡ್ತೀನಿ. ಮೂವತ್ತು ಕೋಟು, ಮೂರು ವಾರ. ಬ್ಯಾಂಡಿನವರು ಬರೀ ಡ್ರಮ್ಮು ಕಟ್ಕೊಂಡು ಮೆರವಣಿಗೆ ಹೋಗ್ಲಾ?”

ನಾನು ಸ್ಟೂಲಿನಿಂದ ಎದ್ದು ನಿಂತೆ. ನಮ್ಮ ಕಾನ್ವೆಂಟಿನ ಚರ್ಚಾಸ್ಪರ್ಧೆಯಲ್ಲಿ ಗೆದ್ದ ಕಪ್ಪು ಮನೆಯಲ್ಲಿ ಇನ್ನೂ ಇದೆ. ಆ ಶಕ್ತಿಯನ್ನೆಲ್ಲ ಒಗ್ಗೂಡಿಸಿ ಭಾಷಣ ಮಾಡಿದೆ. ಮೂರ್ಛೆಯ ಮಾತ್ರೆಯನ್ನು ಏಕಾಏಕಿ ನಿಲ್ಲಿಸುವ ಹಾಗಿಲ್ಲ, ನಿಲ್ಲಿಸಿದರೆ ಒಂದರ ಹಿಂದೆ ಒಂದು ಬಿಡದೆ ಬರಬಹುದು, ಜೀವಕ್ಕೇ ಅಪಾಯ, ಕಡಿಮೆ ಮಾಡುವುದಾದರೆ ಡಾಕ್ಟರೇ ಹಂತಹಂತವಾಗಿ ಮಾಡಬೇಕು, ಉಗುರು ನೆನಪಿಸಿಕೋ, ಉಗುರು! ಮಾತಿನ ಮಧ್ಯೆ ಎರಡು ಸಲ ಮೇಜು ಗುದ್ದಿದೆ. ಗುಂಡಿಗಳ ಡಬ್ಬಿ ಉರುಳಿತು.

“ಮಾತ್ರೆಗೆ ಮಾತ್ರ ಅಲ್ಲ ಕಣೋ,” ಎಂದಳು ಅತ್ತೆ ಆಕಳಿಸುತ್ತಾ, “ನಿನ್ನ ಮಾತಿಗೂ ಅಡ್ಡ ಪರಿಣಾಮ ಇದೆ. ನಿದ್ದೆ ಬರುತ್ತೆ. ಗುಂಡಿ ಆರಿಸು.”

ಗುಂಡಿ ಆರಿಸುತ್ತಲೇ ಕ್ಲಿನಿಕ್ಕಿಗೆ ಫೋನು ಹಚ್ಚಿದೆ. ನರ್ಸಮ್ಮ ಎಲ್ಲ ಕೇಳಿ, ಬೆಳಗ್ಗೆ ಮೊದಲ ಸರದಿ ಕೊಟ್ಟರು. ಮಾತ್ರೆ ಬಿಡಬಾರದು, ಚೀಟಿಯಲ್ಲಿ ಬರೆದಷ್ಟೇ ತೆಗೆದುಕೊಳ್ಳಬೇಕು. ಕತ್ತರಿ, ಯಂತ್ರ, ಒಲೆ ಯಾವುದನ್ನೂ ಮುಟ್ಟಬಾರದು. ವಾಂತಿಯಾದರೆ, ಎಬ್ಬಿಸಿದರೂ ಏಳದಷ್ಟು ಮಂಪರು ಬಂದರೆ, ಬೆಳಗಾಗುವುದನ್ನು ಕಾಯದೆ ಆಸ್ಪತ್ರೆಗೆ ಬರಬೇಕು. ಇರುವ ಮಾತ್ರೆ, ಬರೆದಿಟ್ಟ ಚೀಟಿ ಎಲ್ಲ ತನ್ನಿ ಎಂದರು.

“ತಗೋತೀಯಾ ತಾನೆ ಇವತ್ತು?” ಎಂದು ಹೊರಡುವಾಗ ಕೇಳಿದೆ.

“ನೋಡೋಣ,” ಎಂದಳು.

ಅತ್ತೆಯ ನಿಘಂಟಿನಲ್ಲಿ ‘ನೋಡೋಣ’ ಎಂದರೆ ‘ಇಲ್ಲ’. ಗಿರಾಕಿಗಳಿಗೆಲ್ಲ ಗೊತ್ತಿರುವ ಸಂಗತಿ. ಮನೆಗೆ ಬಂದರೂ ನನಗೆ ಅದೇ ಚಿಂತೆ.

ಬೆಳಗ್ಗೆ ಹೋದಾಗ ಸಿದ್ಧಳಾಗಿ ಕೂತಿದ್ದಳು. ಮಾವ ಕಿವಿಯಲ್ಲಿ ಹೇಳಿದರು: “ನುಂಗಿದ್ಲು ಮಾರಾಯ. ನಾನೇ ನೋಡ್ದೆ.” ನನಗೆ ಚರ್ಚಾಸ್ಪರ್ಧೆಯ ಕಪ್ಪು ಇನ್ನೊಮ್ಮೆ ಕೈಗೆ ಬಂದಂತಾಯಿತು.

ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಬೆರಳಾಡಿಸಿ ಕಣ್ಣು ನೋಡಿದರು. ನೆಲದ ಹಂಚುಗಳ ನಡುವಿನ ಗೆರೆ ತೋರಿಸಿ, “ಅದರ ಮೇಲೆ ನಡೀರಿ,” ಎಂದರು.

“ಯಾವ್ದರ ಮೇಲೆ? ಎರಡಿವೆ.”

ಸೀಮೆಸುಣ್ಣದಲ್ಲಿ ಎಳೆದ ಗೆರೆಯಿಂದ ಕೂದಲೆಳೆಯಷ್ಟೂ ಕತ್ತರಿ ಸರಿಯಗೊಡದ ಹೆಂಗಸು, ಆ ಕೋಣೆಯನ್ನು ಅಡ್ಡಾದಿಡ್ಡಿ ದಾಟಿ ತೂಕದ ಯಂತ್ರದ ಮೇಲೆ ಹತ್ತಿ ನಿಂತಳು.

“ಮಾತ್ರೆ ಜಾಸ್ತಿಯಾದ ಲಕ್ಷಣ ಇದು,” ಎಂದರು ಡಾಕ್ಟರು. “ಆದ್ರೆ ನಾನು ಜಾಸ್ತಿ ಮಾಡಿಲ್ವಲ್ಲ! ಅಂಗಡಿಯಲ್ಲಿ ಹಳೇ ಮಾತ್ರೆ ಸಿಗ್ತಿಲ್ಲ ಅಂತ ಅದನ್ನೇ ಎರಡರಷ್ಟು ಬಲದ್ದು ಕೊಟ್ಟೆ. ಒಂದರ ಬದಲು ಅರ್ಧ, ಎರಡರ ಬದಲು ಒಂದು. ಹೇಗೆ ತಗೋತಿದೀರಿ?”

“ನೀವು ಹೇಳಿದ ಹಾಗೇ. ಆವತ್ತೇ ಬರ್ಕೊಂಡಿದೀನಿ.” ಅತ್ತೆ ಚೀಲದಿಂದ ಅಳತೆ ಪುಸ್ತಕ ತೆಗೆದಳು. ಬಿಡಿ ಚೀಟಿ ಕಳೆದುಹೋಗುತ್ತದೆ ಎಂದು ಅವಳು ಹಾಲಿನವನ ಫೋನ್ ನಂಬರನ್ನೂ ಅದರಲ್ಲೇ ಬರೆಯುವುದು. ತಾಳದವರ ಎದೆಗೂ ಕಹಳೆಯವರ ತೋಳಿಗೂ ನಡುವೆ ಚೊಕ್ಕವಾಗಿ ಬರೆದಿತ್ತು: ಮಾತ್ರೆ, ಬೆಳಗ್ಗೆ ½, ರಾತ್ರಿ 1.

ಡಾಕ್ಟರು ತಲೆ ಕೆರೆದುಕೊಂಡರು. “ಸರಿಯಾಗೇ ಇದೆಯಲ್ಲ.”

“ಮತ್ತೆ? ಅದೇ ಪ್ರಕಾರ ತಗೋತಿದೀನಿ. ಬೆಳಗ್ಗೆ ಒಂದು, ರಾತ್ರಿ ಎರಡು.”

“ಇಲ್ಲಿ ಅರ್ಧ, ಒಂದು ಅಂತಿದೆ!”

“ಅಯ್ಯೋ ಡಾಕ್ಟ್ರೇ, ಅದು ಮಡಿಕೆ ಲೆಕ್ಕ ಅಲ್ವಾ?” ಅತ್ತೆ ಸೆರಗನ್ನು ಎರಡು ಮಡಿಕೆ ಮಾಡಿ ಮೇಜಿನ ಮೇಲೆ ಹಾಸಿ ತೋರಿಸಿದಳು. “ಬಟ್ಟೆ ಮಡಿಚಿ ಕತ್ತರಿಸ್ತೀವಿ. ಅದಕ್ಕೇ ಪುಸ್ತಕದಲ್ಲಿ ಅರ್ಧ ಅಳತೆ ಬರೆಯೋದು. ಬಿಡಿಸಿದ್ರೆ ಎರಡರ...”

ಅಲ್ಲಿಗೆ ನಿಂತಳು. ಸೆರಗನ್ನು ನಿಧಾನವಾಗಿ ಬಿಡಿಸಿದಳು. ಮತ್ತೆ ಮಡಿಚಿದಳು.

“ಡಬ್ಬಲ್ಲು,” ಎಂದಳು ಸಣ್ಣ ದನಿಯಲ್ಲಿ.

ಮೂವತ್ತನಾಲ್ಕು ವರ್ಷ ಆ ಪುಸ್ತಕದ ಪ್ರತಿ ಅಂಕಿಯನ್ನೂ ಎರಡರಿಂದ ಗುಣಿಸಿಯೇ ಓದಿದ ಕಣ್ಣು ಮಾತ್ರೆಯನ್ನು ಮಾತ್ರ ಬಿಟ್ಟೀತೆ? ಹಳೆಯ ರೂಢಿಯೂ ಒಂದು, ಎರಡು ಎಂದೇ ಇದ್ದುದರಿಂದ ಅನುಮಾನವೂ ಬಂದಿರಲಿಲ್ಲ.

ಡಾಕ್ಟರು ನಗು ತಡೆದುಕೊಂಡು ರಕ್ತಪರೀಕ್ಷೆಗೆ ಬರೆದರು. ಮುಂದಿನ ಮಾತ್ರೆ ಯಾವಾಗ, ಎಷ್ಟು ಎಂದು ಅಕ್ಷರದಲ್ಲೇ ದೊಡ್ಡದಾಗಿ ಬರೆದು, ಕೆಳಗೆ ‘ಇದು ಬಿಡಿಸಿದ ಲೆಕ್ಕ’ ಎಂದು ಸೇರಿಸಿದರು. ಆ ಚೀಟಿ ಮಾತ್ರೆಯ ಡಬ್ಬಿಗೇ ಅಂಟಬೇಕು, ಪುಸ್ತಕಕ್ಕೆ ಹೋಗಬಾರದು. ಒಂದು ಹೊತ್ತು ಮರೆತರೆ ಮುಂದಿನ ಹೊತ್ತಿಗೆ ಎರಡು ಸೇರಿಸಿ ನುಂಗಬಾರದು, ಫೋನು ಮಾಡಿ ಕೇಳಬೇಕು. ಬೇರೆ ಯಾವ ಕಾಯಿಲೆಗೆ ಔಷಧಿ ಕೊಂಡರೂ ಈ ಮಾತ್ರೆಯ ಹೆಸರು ಹೇಳಬೇಕು. ಮೈಮೇಲೆ ಗಂದೆ ಎದ್ದರೆ, ಬಾಯಿ ಹುಣ್ಣಾದರೆ, ಬಿಡದ ಜ್ವರ ಬಂದರೆ, ಕಣ್ಣು ಹಳದಿಯಾದರೆ ಅವತ್ತೇ ಬರಬೇಕು.

“ಮನಸ್ಸಿಗೆ ವಿಪರೀತ ಬೇಜಾರು, ಬದುಕೇ ಬೇಡ ಅನ್ನಿಸಿದ್ರೂ ಕೂಡ್ಲೇ ಹೇಳ್ಬೇಕು. ಸಿಟ್ಟು ಜಾಸ್ತಿಯಾದ್ರೂ ಹೇಳಿ.”

“ಸಿಟ್ಟು ನಂಗೆ ಮಾತ್ರೆಗಿಂತ ಮುಂಚಿಂದ ಇದೆ,” ಎಂದಳು ಅತ್ತೆ. “ಬ್ಯಾಂಡಿನವರ ಮೆರವಣಿಗೆ ಕೋಟು?”

“ಕಣ್ಣಿಗೆ ಎಲ್ಲ ಒಂದೇ ಕಾಣೋವರೆಗೆ ಕತ್ತರಿ ಮುಟ್ಟೋ ಹಾಗಿಲ್ಲ. ಮೆರವಣಿಗೆ ತಡ ಆದ್ರೆ ಆಗ್ಲಿ.”

ಡ್ರಮ್ಮಿನವರಿಗೆ ನಾನು ಅಲ್ಲಿಂದಲೇ ಫೋನು ಮಾಡಿದೆ. ಹಳೇ ಕೋಟಿನಲ್ಲೇ ಹೋಗುತ್ತೇವೆ, ಗುಂಡಿ ಮಾತ್ರ ಹಾಕುವುದಿಲ್ಲ, ಹಾಕಿದರೆ ಹಾರುತ್ತವೆ ಎಂದರು.

ಹೊರಡುವಾಗ ಡಾಕ್ಟರು ಅತ್ತೆಯ ಕೈ ಹಿಡಿದುಕೊಂಡರು. “ಒಂದು ಮಾತು ಹೇಳ್ತೀನಿ. ಇಷ್ಟು ಕಷ್ಟ ಆದಾಗ ಎಷ್ಟೋ ಜನ ತಾವಾಗೇ ಮಾತ್ರೆ ಬಿಟ್ಟುಬಿಡ್ತಾರೆ. ನೀವು ಬಿಟ್ಟಿದ್ರೆ ಇವತ್ತು ನಡ್ಕೊಂಡು ಬರ್ತಿರ್ಲಿಲ್ಲ, ಎತ್ಕೊಂಡು ಬರ್ಬೇಕಾಗ್ತಿತ್ತು. ಯಾರ ಮಾತು ಕೇಳಿ ಬಿಡದೇ ಉಳಿದ್ರಿ?”

ನಾನು ಕಾಲರ್ ಸರಿಮಾಡಿಕೊಂಡು, ವಿನಯದಿಂದ ನೆಲ ನೋಡಿದೆ.

“ಯಾರ ಮಾತೂ ಇಲ್ಲ ಡಾಕ್ಟ್ರೇ,” ಎಂದಳು ಅತ್ತೆ. “ಉಳಿದಿದ್ದನ್ನ ವಾಪಸ್ ಕೊಡೋಣ ಅಂತ ನಿನ್ನೆ ಸಾಯಂಕಾಲ ಔಷಧಿ ಅಂಗಡಿಗೆ ಹೋಗಿದ್ದೆ. ಕತ್ತರಿಸಿದ ಶೀಟು ತಗೊಳಲ್ಲ ಅಂದ. ಎಸೆಯೋಕೆ ಮನಸ್ಸು ಬರ್ಲಿಲ್ಲ, ನುಂಗಿದೆ.”