ಹಸಿರು ಬುಡದ ಪಿಕಾಸಿ ಹಿಡಿಗಳು

ಪಕೀರಬ್ಬ ಹುಟ್ಟಿದ್ದು ಹಸಿರು ಪೇಂಟಿನ ಡಬ್ಬಿಯೊಳಗೆ ಎಂದು ದೋಹಾದಲ್ಲಿ ನಾವೆಲ್ಲ ನಂಬಿದ್ದೆವು. ಸೂಕ್ ವಾಕಿಫ್ ಹಿಂದಿನ ಓಣಿಯಲ್ಲಿ ಝುಬೈರ್ ಹಾಜಿಯವರ ಹಾರ್ಡ್‌ವೇರ್ ಅಂಗಡಿ. ಅಲ್ಲಿ ಅವನಿಗೆ ಇಪ್ಪತ್ತೆರಡು ವರ್ಷದ ಸರ್ವಿಸ್. ಹೊರಗೆ ಹೋಗುವ ಪ್ರತಿ ಪಿಕಾಸಿ ಹಿಡಿಯ ಬುಡವನ್ನೂ ಹಸಿರು ಪೇಂಟಿನಲ್ಲಿ ಅದ್ದಿಯೇ ಕೊಡುತ್ತಿದ್ದ. ಮುರಿದು ವಾಪಸ್ ಬಂದರೆ ಆ ಗುರುತು ನೋಡಿ ಹೊಸದು ಕೊಡುವುದು ಅಂಗಡಿಯ ಕ್ರಮ. ಇಡೀ ದೋಹಾದಲ್ಲಿ ಬೇರೆ ಯಾರೂ ಹಾಗೆ ಮಾಡುತ್ತಿರಲಿಲ್ಲ. ಒಮ್ಮೆ ಅನ್ಯಮನಸ್ಕನಾಗಿ ಸಾಂಬಾರಿನ ಸೌಟನ್ನೂ ಅದ್ದಿದ್ದ. ಆ ಹಸಿರು ಸಾಂಬಾರು ಉಂಡು ಬದುಕಿದವರಲ್ಲಿ ನಾನೂ ಒಬ್ಬ.

ಊರಿನಲ್ಲಿ, ಉಳ್ಳಾಲದಲ್ಲಿ, ಪಕೀರಬ್ಬನ ನೆರೆಮನೆಯ ಹುಡುಗ ತನಿಯ. ತೊಂಬತ್ನಾಲ್ಕರಲ್ಲಿ ಬಂದು ಲುಸೈಲ್ ಕಡೆಯ ಒಂದು ಕಲ್ಲಿನ ಯಾರ್ಡಿಗೆ ಸೇರಿದ. ಆಗ ಅಲ್ಲಿ ಮರಳು ಬಿಟ್ಟರೆ ಇದ್ದದ್ದು ಮರಳಿನ ನೆರಳು. ನಲವತ್ತು ಜನರ ಪಾಸ್‌ಪೋರ್ಟ್ ಫೋರ್‌ಮನ್ನಿನ ಬೀರುವಿನಲ್ಲಿ, ಗೇಟಿಗೆ ಹೊರಗಿನಿಂದ ಬೀಗ, ಊರಿಗೆ ಹೋಗುತ್ತೇನೆ ಅಂದವನ ಬೆನ್ನಿಗೆ ರಬ್ಬರ್ ಪೈಪು. ಅಂಗಡಿಯ ಗೋಣಿಚೀಲ ಇಳಿಸಲು ಅಲ್ಲಿಗೆ ಹೋಗುತ್ತಿದ್ದ ಪಕೀರಬ್ಬ ತನಿಯನ ಬೆನ್ನು ನೋಡಿದ. ನೋಡಿದವನು ಮೂರು ದಿನ ಯಾವುದಕ್ಕೂ ಬಣ್ಣ ಹಚ್ಚಲಿಲ್ಲ.

ಹಾಜಿಯವರದ್ದು ಅಲ್ ಹಿಲಾಲ್‌ನಲ್ಲಿ ದೊಡ್ಡ ಮನೆ. ಅವರ ಸೋಫಾದಲ್ಲಿ ಕೂತವನನ್ನು ಎಬ್ಬಿಸಲು ಕ್ರೇನ್ ತರಿಸಬೇಕು. ಅಲ್ಲಿ ಕೂತು ಅವರೂ ಇನ್ನಿಬ್ಬರು ಸಾಹುಕಾರರೂ ವಾರವಾರ ಈ ಜೀತ ನಿಲ್ಲಬೇಕು ಎಂದು ಅರ್ಜಿ ಬರೆಯುತ್ತಿದ್ದರು. ಯಾವ ಅರ್ಜಿಗೂ ಉತ್ತರ ಬಂದದ್ದಿಲ್ಲ. ಪಕೀರಬ್ಬ ಹೇಳಿದ್ದನ್ನು ಕೇಳಿ ಹಾಜಿಯವರು ನಿಜವಾಗಿಯೂ ಅತ್ತರು.

"ಅರ್ಜಿ ಖಲಾಸ್, ಪಕೀರಬ್ಬಾ. ಇನ್ನು ಅವರ ಕೈಗೆ ಎಂತಾದರೂ ಕೊಡಬೇಕು. ನಲವತ್ತು ಹಿಡಿ ಗೋಣಿಚೀಲದ ಕಟ್ಟಿನೊಳಗೆ ಇಡು. ಬಿಲ್ ಬೇಡ. ನನ್ನ ಹೆಸರು ಎಲ್ಲೂ ಬರಬಾರದು."

"ಹಾಜಿಯಾರೇ, ಹೆಸರು ಬರಲಿಕ್ಕೆ ಹಿಡಿಗೆ ಬಾಯಿ ಉಂಟಾ?"

ಪಕೀರಬ್ಬ ಹಿಡಿಗಳ ಮೇಲಿನ ಅಂಗಡಿಯ ಸ್ಟಿಕರುಗಳನ್ನೆಲ್ಲ ಉಗುರಿನಿಂದ ಕೆರೆದು ತೆಗೆದ. ಆಮೇಲೆ, ಇಪ್ಪತ್ತೆರಡು ವರ್ಷದ ರೂಢಿಯ ಕೈ ಅಲ್ಲವೇ, ಒಂದೊಂದನ್ನೂ ಹಸಿರಿನಲ್ಲಿ ಅದ್ದಿ ಒಣಗಿಸಿದ.

ಶುಕ್ರವಾರ ಕಾವಲಿನವರು ನಮಾಝಿಗೆ ಹೋದ ಹೊತ್ತು. ತನಿಯನೂ ಸೇರಿ ಎದ್ದದ್ದು ಇಪ್ಪತ್ತು ಜನ. ಉಳಿದವರು ಹೆದರಿ ಮಂಚದ ಕೆಳಗೆ ಸೇರಿದರು. ಇವರು ಬೀರು ಒಡೆದು ತಮ್ಮ ತಮ್ಮ ಪಾಸ್‌ಪೋರ್ಟ್ ಎತ್ತಿಕೊಂಡರು. ಅಡ್ಡ ಬಂದ ಫೋರ್‌ಮನ್ನಿನ ಕೈ ಮುರಿಯಿತು. ಅವನ ಕಡೆಯವರ ಕಬ್ಬಿಣದ ರಾಡಿಗೆ ತನಿಯನ ತಲೆ ಒಡೆಯಿತು. ಅವನು ಗೇಟು ದಾಟಲಿಲ್ಲ. ದಾಟಿದವರನ್ನು ಪೊಲೀಸರು ದಾರಿಯಲ್ಲೇ ಹಿಡಿದು, ತಿಂಗಳೊಳಗೆ ಊರಿನ ವಿಮಾನ ಹತ್ತಿಸಿದರು.

ಗಲಾಟೆಯ ಮಾರನೆಯ ದಿನವೇ ಪೊಲೀಸರು ಅಂಗಡಿಯ ಮೇಜಿನ ಮೇಲೆ ಒಂದು ಹಿಡಿ ಇಟ್ಟರು. ಹಸಿರು ಬುಡ. ಗೋಡೆಗೆ ಒರಗಿಸಿಟ್ಟ ಇನ್ನೂರು ಹಿಡಿಗಳದ್ದೂ ಹಸಿರು ಬುಡವೇ.

ಹಾಜಿಯವರು ಬೆವರು ಒರೆಸಿಕೊಂಡರು. "ನನಗೆ ಗೊತ್ತಿಲ್ಲ. ಗೋಡೌನ್ ಕೀಲಿ ಇವನ ಹತ್ತಿರ ಇರುವುದು. ಕದ್ದಿರಬಹುದು."

ಪಕೀರಬ್ಬ ಅವರ ಮುಖ ನೋಡಿದ. ಒಂದು ಮಾತು ಆಡಿದ್ದರೆ ಅವನು ಬಚಾವ್. ಆದರೆ ಇಪ್ಪತ್ತು ಜನ ಇನ್ನೂ ಬೀಗದೊಳಗೇ ಇದ್ದರಲ್ಲ. ಹಾಜಿಯಾರು ಹೊರಗಿದ್ದರೆ ಒಳಗಿನವರಿಗೆ ಒಬ್ಬರಾದರೂ ಉಂಟು ಎಂದು ಅವನ ಲೆಕ್ಕ.

"ಕದ್ದದ್ದು ನಾನೇ" ಅಂದ.

ಎರಡು ವರ್ಷ ಜೈಲು, ಆಮೇಲೆ ಉಳ್ಳಾಲ. ಅವನು ಜೈಲು ಸೇರಿದ ವಾರವೇ ಹಾಜಿಯವರು ಮಕ್ಕಾಕ್ಕೆ ಉಮ್ರಾ ಹೋಗಿ ಬಂದು, ಅರ್ಜಿಗಳನ್ನೆಲ್ಲ ಸುಟ್ಟು, ಹಿಡಿ ಮಾರುವುದನ್ನೇ ನಿಲ್ಲಿಸಿದರು.

ಅವನು ಊರು ಸೇರಿದ ಮೂರನೆಯ ರಮ್ಝಾನಿಗೆ ನಾನು ಊರಿಗೆ ಹೋದಾಗ ಪಕೀರಬ್ಬ ಮೊದಲು ಕೇಳಿದ್ದೇ ಅದನ್ನು.

"ಆ ಇಪ್ಪತ್ತು ಜನ?"

ಸುಳ್ಳು ಹೇಳುವುದರಲ್ಲಿ ನನ್ನನ್ನು ಮೀರಿಸುವವರು ಏಳು ಸಮುದ್ರದಾಚೆಗೂ ಇಲ್ಲ. ಅವತ್ತು ಒಂದೂ ಹೊರಡಲಿಲ್ಲ.

"ಅಲ್ಲೇ ಇದ್ದಾರೆ, ಮಾರಾಯ."

ಅವನು ಎದ್ದು, ದೋಹಾದಿಂದ ಪ್ರತಿವರ್ಷ ಬರುವ ಖರ್ಜೂರದ ಪೆಟ್ಟಿಗೆಯನ್ನು ಒಡೆಯದೆ ಹೆಗಲಿಗೇರಿಸಿಕೊಂಡು ತನಿಯನ ತಾಯಿ ಅಕ್ಕುವಿನ ಜಗಲಿಯಲ್ಲಿಟ್ಟ.

"ಯಾರು ಕಳಿಸಿದ್ದು, ಬ್ಯಾರಿ? ಹೆಸರೇ ಇಲ್ಲವಲ್ಲ" ಅಂದಳು ಅಕ್ಕು.

"ಎಲ್ಲೂ ಬರಬಾರದಂತೆ" ಅಂದ ಪಕೀರಬ್ಬ.