ಹಗೇವಿಗಿಳಿದ ಗಗನಯಾತ್ರಿ

ನನ್ನ ಗಂಡನಿಗೆ ಬಾಹ್ಯಾಕಾಶದ ಕಾದಂಬರಿಗಳ ಹುಚ್ಚು. ರಬಕವಿಯ ನಮ್ಮ ಮನೆಯ ಗೋಡೆಯಾಚೆ ಪವರ್‌ಲೂಮುಗಳು ದಿನವಿಡೀ ಕಟಕಟ ಎನ್ನುತ್ತಿದ್ದರೆ, ಈಚೆ ಇವರು ಕುರ್ಚಿಯ ಮೇಲೆ ಕಾಲು ಮಡಚಿ ಕೂತು ಯಾವುದೋ ಸತ್ತ ಗ್ರಹದ ಮೇಲೆ ಇಳಿಯುತ್ತಿದ್ದರು. ಬರೆಯುತ್ತಿದ್ದವರು ಜಮಖಂಡಿಯಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಒಬ್ಬ ಅಧ್ಯಾಪಕರು. ಅವರ ಹೊಸ ಪುಸ್ತಕ ಬಂದರೆ ನಮ್ಮ ಮನೆಯಲ್ಲಿ ಅಡುಗೆ ಆರಿ ತಣ್ಣಗಾಗುತ್ತಿತ್ತು.

ನಾನೂ ಎರಡು ಮೂರು ಓದಿದ್ದೆ. ಎಲ್ಲದರಲ್ಲೂ ಒಂದೇ ಕಥೆ. ಆಕಾಶನೌಕೆ ಇಳಿಯುತ್ತದೆ, ಪಾಳುಬಿದ್ದ ನಗರ ಕಾಣುತ್ತದೆ, ಕ್ಯಾಪ್ಟನ್ ಗೋಡೆಯ ಧೂಳು ಒರೆಸಿದೊಡನೆ ಅಕ್ಷರಗಳು ಹೊಳೆಯುತ್ತವೆ. ಹೈಸ್ಕೂಲಿನಲ್ಲಿ ಕನ್ನಡ ಕಲಿಸುವ ನನಗೆ ಒಂದು ಹಳಗನ್ನಡ ಪದ್ಯವನ್ನು ಮಕ್ಕಳ ತಲೆಗೆ ಇಳಿಸಲು ವಾರ ಸಾಲದು. ಆ ನೌಕೆಯ ಭಾಷಾತಜ್ಞನಿಗೆ ಬೇರೆ ನಕ್ಷತ್ರದ ಲಿಪಿ ಚಹಾ ಆರುವುದರೊಳಗೆ ಬಂದುಬಿಡುತ್ತಿತ್ತು. ಇದನ್ನು ಹೇಳಿದರೆ ಗಂಡ, "ನಿನಗ ಕಲ್ಪನಾ ಅನ್ನೂದ ಇಲ್ಲ," ಎಂದು ಪುಟ ತಿರುವುತ್ತಿದ್ದರು.

ಬಾಗಲಕೋಟೆ ಬೇರೆ ಜಿಲ್ಲೆಯಾಗಿ ಹೆಚ್ಚು ಕಾಲವಾಗಿರಲಿಲ್ಲ. ಬೀಳಗಿ ತಾಲೂಕಿನ ನನ್ನ ತವರೂರು ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಲಿದೆ ಎಂದು ಖಚಿತವಾಗಿ, ಆ ಬೇಸಿಗೆ ಊರಿನವರೆಲ್ಲ ತಮ್ಮ ಮನೆಗಳನ್ನು ತಾವೇ ಕಳಚತೊಡಗಿದ್ದರು. ತೊಲೆ, ಜಂತಿ, ಬಾಗಿಲು, ಹಾಸುಗಲ್ಲು, ಎಲ್ಲವೂ ಟ್ರ್ಯಾಕ್ಟರ್ ಏರಿ ಪುನರ್ವಸತಿ ಕೇಂದ್ರಕ್ಕೆ ಹೋಗುತ್ತಿದ್ದವು. ಅವ್ವ ಮತ್ತು ಅಣ್ಣನೊಂದಿಗೆ ಕೈಜೋಡಿಸಲು ನಾವಿಬ್ಬರೂ ಹೊರಟಾಗ ಗಂಡ ಒಂದು ಮಾತು ಹೊರಗೆ ಹಾಕಿದರು:

"ಕಾದಂಬರಿ ಸರೂ ಬರ್ತಾರ. ಪಾಳುಬಿದ್ದ ಊರು ಹೆಂಗ ಇರತೈತಿ ಅಂತ ಕಣ್ಣಾರೆ ನೋಡಬೇಕಂತ."

"ನಮ್ಮೂರು ಇನ್ನೂ ಪಾಳು ಬಿದ್ದಿಲ್ರಿ," ಎಂದೆ.

ಅಷ್ಟರಲ್ಲಿ ಅವರಿಗೆ ಮಾತು ಕೊಟ್ಟಾಗಿತ್ತು.

ಸರ್ ಕ್ಯಾಮೆರಾ, ಟಾರ್ಚು, ಬಿಳಿ ಟೊಪ್ಪಿಗೆಯೊಂದಿಗೆ ಬಂದರು. ಸೂರಿಲ್ಲದ ಗೋಡೆಗಳ ನಡುವೆ ತಿರುಗುತ್ತ ಪ್ರತಿ ಗೂಡಿಗೂ "ಅದ್ಭುತ!" ಎನ್ನುತ್ತಿದ್ದರು. ಹಿಂದಿನ ದಿನವಷ್ಟೇ ಅಂಥ ಒಂದು ಗೂಡಿನಲ್ಲಿ ಅವ್ವನ ಅರಿಷಿಣ ಕುಂಕುಮವಿತ್ತು. ಮುಂದೆ ಅಂಗಳಕ್ಕೆ ಬಂದು ನಿಂತೇಬಿಟ್ಟರು. ಅಣ್ಣ ಬೆಳಿಗ್ಗೆಯಷ್ಟೇ ಅಲ್ಲಿ ಹಗೇವಿನ ಮುಚ್ಚುಗಲ್ಲು ಸರಿಸಿದ್ದ. ಹಗೇವು ಎಂದರೆ ಜೋಳ ತುಂಬಿಡಲು ನೆಲದೊಳಗೆ ತೋಡಿದ ಗುಂಡಿ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು ಕಿರಿದು, ಒಳಗೆ ಹೊಟ್ಟೆ ಮಾತ್ರ ದೊಡ್ಡದು. ನಾನು ಚಿಕ್ಕವಳಿದ್ದಾಗಿನಿಂದ ಅದನ್ನು ಯಾರೂ ತೆರೆದಿರಲಿಲ್ಲ.

"ಇಷ್ಟು ದುಂಡನೆಯ ಕೋಣೆ! ಇದನ್ನು ಯಾರು ಕಟ್ಟಿರಬಹುದು?" ಎಂದು ಸರ್ ಆಕಾಶದ ಕಡೆ ನೋಡಿದರು.

"ನಮ್ಮ ಮಾವನೋರು ತೋಡಿಸಿದ್ರಿ," ಎಂದಳು ಅವ್ವ.

ಸರ್ ಆ ಉತ್ತರವನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಕೆಳಗಿಳಿಯಬೇಕೆಂದು ಟೊಂಕ ಕಟ್ಟಿದರು. ಅಣ್ಣ ತಡೆದ: "ಈಗ ಇಳೀಬ್ಯಾಡ್ರಿ ಸರ. ಭಾಳ ವರ್ಷದ ಮ್ಯಾಲ ಬಾಯಿ ತಗದೇನಿ, ಒಳಗ ಕೆಟ್ಟ ಗಾಳಿ ಇರತೈತಿ. ಸಂಜೀಕ ಲಾಟೀನ ಇಳಿಬಿಟ್ಟು, ಆರ್ತೈತೇನ ನೋಡೂಣು."

"ಆಯ್ತು, ಆಯ್ತು," ಎಂದರು ಸರ್.

ಅಣ್ಣ ತಲೆಬಾಗಿಲ ಚೌಕಟ್ಟು ಇಳಿಸಲು ಆಳುಗಳ ಜೊತೆ ಆಚೆ ಹೋದ. ಹೂಬಳ್ಳಿ ಕೆತ್ತಿದ ಸಾಗವಾನಿಯ ಚೌಕಟ್ಟದು. ಹೊಸ ಮನೆಗೆ ಬೇರೆ ಏನು ಬಾರದಿದ್ದರೂ ಅದು ಬರಬೇಕು ಎಂದು ಅವ್ವ ಹೇಳಿದ್ದಳು.

ಅಣ್ಣ ಮರೆಯಾದದ್ದೇ ತಡ, ಸರ್ ಗುಂಡಿಯ ಬಾಯಿಗೆ ಕಾಲು ಇಳಿಬಿಟ್ಟು ಕೂತರು. ನಾನು ಬೇಡವೆಂದರೆ, ಗಂಡ, "ಸೈನ್ಸ್ ಓದಿದವರು ಅವರು, ನಿನಕಿಂತ ಹೆಚ್ಚು ಗೊತ್ತೈತಿ," ಎಂದರು. ಇಂಗಾಲದ ಡೈ ಆಕ್ಸೈಡು ಗಾಳಿಗಿಂತ ಭಾರ ಎಂದು ವರ್ಷವರ್ಷವೂ ಪಾಠ ಹೇಳಿದ ಮನುಷ್ಯ, ಟಾರ್ಚ್ ಆರದಿದ್ದರೆ ತನ್ನ ಉಸಿರೂ ಆರುವುದಿಲ್ಲವೆಂದು ನಂಬಿದ್ದರು! ಅವ್ವ ವಾದ ಮಾಡುತ್ತ ನಿಲ್ಲಲಿಲ್ಲ. ಬಾವಿಯ ಹಗ್ಗ ತಂದು, "ಇದನ್ನರ ಟೊಂಕಕ್ಕ ಕಟ್ಟಗೋರಿ," ಎಂದು ಅವರ ಮುಂದೆ ಹಿಡಿದಳು. ಸರ್ ನಗುತ್ತ ಕಟ್ಟಿಕೊಂಡರು.

ಕೆಳಗಿನಿಂದ ಒಂದು "ಅದ್ಭುತ!" ಕೇಳಿಸಿತು. ಆಮೇಲೆ ಏನೂ ಇಲ್ಲ. ಗಂಡ ಬಗ್ಗಿ ಕೂಗಿದರು. ಟಾರ್ಚಿನ ಬೆಳಕು ಗೋಡೆಯ ಒಂದೇ ಜಾಗಕ್ಕೆ ಬಿದ್ದಿತ್ತು, ಕದಲಲಿಲ್ಲ. ಗಂಡ ಹಗ್ಗ ಎಳೆದರೆ ಹೆಣ ಭಾರ. ನಾನು ಚೀರಿದೆ.

ಅಣ್ಣ ಮತ್ತು ಆಳುಗಳು ಹಿಡಿದದ್ದನ್ನು ಬಿಟ್ಟು ಓಡಿಬಂದರು. ಹಿಂದೆ ಏನೋ ದೊಡ್ಡದಾಗಿ ಬಿದ್ದ ಸದ್ದಾಯಿತು. ಆಗ ಯಾರೂ ತಿರುಗಿ ನೋಡಲಿಲ್ಲ. ಎಲ್ಲರೂ ಸೇರಿ ಎಳೆದರು. ಸರ್ ಹಗೇವಿನ ಬಾಯಲ್ಲಿ ಭುಜ ಸಿಕ್ಕಿ ನಿಂತರು, ಅಣ್ಣ ಹೊಟ್ಟೆಯ ಮೇಲೆ ಮಲಗಿ ಅವರ ತೋಳು ಓರೆ ಮಾಡಿ ಹೊರಗೆ ಜಗ್ಗಿದ. ಅವನ ಎರಡೂ ಅಂಗೈಯ ಚರ್ಮ ಹಗ್ಗಕ್ಕೆ ಸುಲಿದುಹೋಗಿತ್ತು.

ಅವ್ವ ಸೆರಗಿನಿಂದ ಗಾಳಿ ಹಾಕಿದಳು. ಸರ್ ವಾಂತಿ ಮಾಡಿಕೊಂಡು, ಕಣ್ಣು ತೆರೆದು, ಮೊದಲು ಆಡಿದ ಮಾತು: "ಅಲ್ಲಿ ಯಾರೋ ಇದ್ದರು."

"ನೀವ ಇದ್ರಿ ಸರ," ಎಂದ ಅಣ್ಣ. "ಮತ್ಯಾರೂ ಇರಲಿಲ್ಲ."

ಸಂಜೆ ಅವರನ್ನು ಜೀಪಿನಲ್ಲಿ ಬೀಳಗಿಯ ದವಾಖಾನೆಗೆ ಒಯ್ದು ತೋರಿಸಿ ಕಳಿಸಿದೆವು. ಮರಳಿ ಬಂದು ತಲೆಬಾಗಿಲ ಬಳಿ ನೋಡಿದರೆ ಚೌಕಟ್ಟಿನ ಮೇಲ್ಪಟ್ಟಿ ಬುಡದ ಕಲ್ಲಿಗೆ ಬಡಿದು ಉದ್ದಕ್ಕೆ ಸೀಳಿಹೋಗಿತ್ತು. ಅವ್ವ ಆ ಸೀಳಿನ ಮೇಲೆ ಒಮ್ಮೆ ಕೈಯಾಡಿಸಿ, "ಮನಶ್ಯಾ ಉಳದನಲ್ಲ," ಎಂದು ಒಳಗೆ ಹೋದಳು. ನನಗೆ ಅಷ್ಟು ದೊಡ್ಡ ಮನಸ್ಸಿಲ್ಲ. ಇಂದಿಗೂ ಇಲ್ಲ.

ಕಾದಂಬರಿ ಮರುವರ್ಷ ಬಂತು. ಜಮಖಂಡಿಯ ಬಿಡುಗಡೆ ಸಮಾರಂಭದಿಂದ ಗಂಡ ಸಹಿ ಹಾಕಿಸಿಕೊಂಡು ತಂದರು. ಕ್ಯಾಪ್ಟನ್ ಒಂದು ನಿರ್ಜನ ಗ್ರಹದಲ್ಲಿ ನೆಲದಡಿಯ ದುಂಡು ಕೋಣೆಗೆ ಇಳಿಯುತ್ತಾನೆ. ಅಲ್ಲಿ ಲಕ್ಷಾಂತರ ವರ್ಷಗಳ ಹಿಂದಿನ ಜೀವಿಗಳು ಅವನ ಮನಸ್ಸಿನೊಡನೆ ಮಾತಾಡುತ್ತವೆ. ಅವುಗಳ ಜ್ಞಾನದ ಭಾರ ತಾಳಲಾರದೆ ಅವನು ಮೂರ್ಛೆ ಹೋಗುತ್ತಾನೆ. ಒಂದು ನೀಲಿ ಬೆಳಕು ಅವನನ್ನು ಮೆಲ್ಲಗೆ ಮೇಲೆತ್ತುತ್ತದೆ. ಓದಿದವಳೇ ಪುಸ್ತಕ ಮುಚ್ಚಿದೆ. ಅಂಗೈ ಸುಲಿದುಕೊಂಡ ನನ್ನ ಅಣ್ಣ ನೀಲಿ ಬೆಳಕಾಗಿದ್ದ!

ಪುನರ್ವಸತಿ ಕೇಂದ್ರದ ಹೊಸ ಮನೆಗೆ ಹೋದಾಗ ಆ ಭಾಗವನ್ನು ಅವ್ವನಿಗೆ ಓದಿ ಹೇಳಿದೆ. ಕಾಳು ಹಸನು ಮಾಡುತ್ತ ಕೇಳಿದಳು.

"ಅವ್ವನ ಹಗ್ಗಾ ಎಲ್ಲೂ ಬರಲಿಲ್ಲಲ್ಲ?" ಎಂದ ಅಣ್ಣ.

"ಹಗ್ಗಾ ಹೋಗ್ಲಿ," ಎಂದಳು ಅವ್ವ. "ಆ ಊರಾಗ ಒಬ್ಬ ಹೆಣ್ಣಮಗಳೂ ಇಲ್ಲ. ರೊಟ್ಟಿ ಯಾರು ಬಡೀತಿದ್ರು ಅವಕ್ಕ?"

ಅಷ್ಟು ಪುಟಗಳ ನಾಗರಿಕತೆಯಲ್ಲಿ ಒಂದು ಒಲೆ ಇರಲಿಲ್ಲ, ಒಂದು ಬಚ್ಚಲಿರಲಿಲ್ಲ, ಯಾರ ಮೂಗೂ ಸೋರುತ್ತಿರಲಿಲ್ಲ. ಎಲ್ಲರೂ ಹರಳಿನ ಗೋಪುರ ಕಟ್ಟಿ, ಗೋಡೆಯ ಮೇಲೆ ಗೂಢ ಬರೆದು, ಸತ್ತುಹೋಗಿದ್ದರು. ಕೂಡಿಟ್ಟ ಜೋಳಕ್ಕೆ ಹುಳ ಹತ್ತಬಾರದೆಂದು ಒಬ್ಬ ಮನುಷ್ಯ ನೆಲ ತೋಡಿಸಿ, ಸುತ್ತ ಹುಲ್ಲು ಹೊದಿಸುತ್ತಾನೆ ಎಂಬುದು ಸರ್‌ಗೆ ಸಾಕಷ್ಟು ದೊಡ್ಡ ಸಂಗತಿಯಾಗಿ ಕಂಡಿರಲಿಲ್ಲ. ಅದಕ್ಕೆ ನಕ್ಷತ್ರದಿಂದ ಜನ ಬರಬೇಕಾಗಿತ್ತು.

ಬಹಳ ವರ್ಷಗಳ ಮೇಲೆ, ಊರಿದ್ದಲ್ಲಿ ನೀರು ನಿಂತು ಎಲ್ಲರಿಗೂ ರೂಢಿಯಾದ ಕಾಲಕ್ಕೆ, ಜಮಖಂಡಿ ಬಸ್‌ಸ್ಟ್ಯಾಂಡಿನಲ್ಲಿ ಸರ್ ನಮಗಿಬ್ಬರಿಗೂ ಎದುರಾದರು. ನಿವೃತ್ತರಾಗಿದ್ದರು, ಉತ್ಸಾಹ ಇಳಿದಿರಲಿಲ್ಲ.

"ಎರಡನೇ ಭಾಗ ಬರೆಯುತ್ತಿದ್ದೇನೆ. ಈ ಸಲ ನೀರಿನಡಿಯ ನಗರ. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ನಿಮ್ಮ ಅಣ್ಣ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗಬಹುದೇ?"

"ಇಲ್ರಿ ಸರ," ಎಂದೆ. "ಅಂವ ನಿಮ್ಮನ್ನ ಒಂದ ಸಲ ಮ್ಯಾಲ ಎತ್ಯಾನ. ಅಷ್ಟ ಸಾಕು."

ನಾನು ಚೇಷ್ಟೆ ಮಾಡುತ್ತಿದ್ದೇನೆಂದು ಸರ್ ನಕ್ಕರು. ಆಮೇಲೆ ನನ್ನನ್ನು ಬಿಟ್ಟು ಗಂಡನ ಕಡೆ ತಿರುಗಿ, "ನೀವಾದರೂ ಹೇಳಿ," ಎಂದರು.

ಇವರು ಎಲ್ಲಿ ಹೂಂ ಅಂದುಬಿಡುತ್ತಾರೋ ಎಂದು ನಾನು ಕೈಚೀಲ ಬಿಗಿಹಿಡಿದು ನಿಂತಿದ್ದೆ. ಇವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು.

"ನಮ್ಮ ಅತ್ತಿಯವರ ಬಾಗಲಾ ಒಡದ ಮ್ಯಾಲ ನಾ ಆ ಮನ್ಯಾಗ ತಲಿ ಎತ್ತಿ ಕುಂತಿಲ್ಲ ಸರ," ಎಂದರು. "ಮತ್ತ ಕೇಳಬ್ಯಾಡ್ರಿ."

ಇಷ್ಟು ವರ್ಷ ಅವರು ನನ್ನೆದುರು ಆ ಮಾತು ಎತ್ತಿರಲಿಲ್ಲ. ಸರ್ ಏನೋ ಹೇಳಹೊರಟರು. ಅಷ್ಟರಲ್ಲಿ ರಬಕವಿ ಬಸ್ಸು ಬಂತು, ನಾವು ಹತ್ತಿದೆವು.